ನಲವತ್ತು ಹೆಜ್ಜೆ ಹಿಂದಕ್ಕೆ

ಹಗ್ಗ ಹೊಸೆಯುವವರು ಹಿಂದಕ್ಕೆ ನಡೆಯುತ್ತಾರೆ. ರಾಟೆಯ ಕೊಕ್ಕೆಗೆ ನಾರಿನ ತುದಿ ಸಿಕ್ಕಿಸಿ, ಸೊಂಟಕ್ಕೆ ಕಟ್ಟಿಕೊಂಡ ನಾರಿನ ಕಟ್ಟಿನಿಂದ ಬೆರಳಲ್ಲಿ ಚೂರುಚೂರೇ ಬಿಡುತ್ತ, ರಾಟೆ ತಿರುಗಿದ ಹಾಗೆ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ಹಿಂದೇನಿದೆ ಎಂದು ಅವರಿಗೆ ಕಾಣುವುದಿಲ್ಲ. ಅದನ್ನು ನೋಡಿ ಹೇಳುವುದು ರಾಟೆ ತಿರುಗಿಸುವವರ ಕೆಲಸ. "ಕಲ್ಲು." "ನಾಯಿ ಮಲಗಿದೆ." ಕೊನೆಗೆ, "ಗೋಡೆ."

ಆ ಮನೆಯಲ್ಲಿ ರಾಟೆ ತಿರುಗಿಸುತ್ತಿದ್ದವಳು ಅತ್ತೆ. ಮೊದಲು ಗಂಡನಿಗೆ, ಆಮೇಲೆ ಮಗನಿಗೆ, ಈಗ ಒಂದು ವರ್ಷದಿಂದ ಸೊಸೆಗೆ. ಮಗ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ. ಮೂರನೆಯ ವಾರ ಸೊಸೆ ನಾರಿನ ಕಟ್ಟನ್ನು ಸೊಂಟಕ್ಕೆ ಬಿಗಿದು ಓಣಿಗೆ ಇಳಿದಳು. ಯಾರೂ ಹೇಳಿರಲಿಲ್ಲ. ಮನೆಯ ಬಾಗಿಲಿನಿಂದ ಓಣಿ ತಿರುಗುವಲ್ಲಿನ ಗೋಡೆಯವರೆಗೆ ನಲವತ್ತು ಹೆಜ್ಜೆ. ನಡುವೆ ಅವನ ಹಿಮ್ಮಡಿ ಸವೆಸಿದ ಒಂದು ಗೆರೆ. ದಿನವೂ ಆ ಗೆರೆಯ ಮೇಲೇ ನಡೆದಳು. ಅಳು ಬರಲಿಲ್ಲ. ಜನ ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಅಲ್ಲ, ಏನೂ ಅಲ್ಲ. ಜೋಮು ಹಿಡಿದ ಕಾಲು ಹೇಗೆ ತನ್ನದೆನಿಸುವುದಿಲ್ಲವೋ ಹಾಗೆ ಅವಳಿಗೆ ಅವಳೇ ತನ್ನವಳೆನಿಸುತ್ತಿರಲಿಲ್ಲ.

ಅವನು ಕೊನೆಗೆ ಹೊಸೆದ ಹಗ್ಗವೊಂದು ಒಳಗಿನ ಕೋಣೆಯ ಗೂಟದಲ್ಲಿತ್ತು. ಅದನ್ನು ಮಾರುವ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಸ್ಥೆಯ ಹುಡುಗಿ ಮನೆಮನೆ ತಿರುಗುತ್ತ ಇವರ ಜಗಲಿಗೂ ಬಂದು ಕೂತಳು. ದುಡಿಯುವವರನ್ನು ಕಳೆದುಕೊಂಡ ಮನೆಗಳಿಗೆ ಹಣ ಕೊಡುತ್ತಾರಂತೆ. ಎರಡು ಕಂತು. ನೇರ ಫೋನಿಗೇ ಬರುತ್ತದಂತೆ.

"ಕೊಟ್ಟು ಏನು ಮಾಡಿಸ್ಕೋತೀರಿ?" ಎಂದಳು ಅತ್ತೆ.

"ಏನೂ ಇಲ್ಲಮ್ಮ. ನಿಮಗೆ ಯಾವುದು ಬೇಕೋ ಅದಕ್ಕೆ ಖರ್ಚು ಮಾಡ್ಕೊಳ್ಳಿ."

"ವಾಪಸ್ಸು?"

"ವಾಪಸ್ಸೂ ಇಲ್ಲ."

ಹುಡುಗಿ ಓಣಿ ದಾಟಿದ ಮೇಲೆ ಅತ್ತೆ, "ಏನೂ ಇಲ್ಲ ಅಂತಾಳೆ ನೋಡು, ಇದರಲ್ಲಿ ಏನೋ ದೊಡ್ಡದೇ ಇದೆ," ಎಂದಳು.

ಏನೂ ಇರಲಿಲ್ಲ. ಹಣ ಬಂತು. ಸೊಸೆಯ ಹೆಸರಿನ ಫೋನಿಗೇ ಬಂತು. ಅಲ್ಲಿಯವರೆಗೆ ಪೇಟೆಯ ವ್ಯಾಪಾರಿಯೇ ನಾರು ಕೊಟ್ಟು, ಹಗ್ಗ ಎತ್ತಿಕೊಂಡು, ಇವರ ಕೈಗೆ ಕೂಲಿ ಮಾತ್ರ ಇಡುತ್ತಿದ್ದ. ಮೊದಲ ಕಂತಿನಲ್ಲಿ ಇಬ್ಬರೂ ಹೋಗಿ ತಮ್ಮದೇ ನಾರು ಕೊಂಡು ತಂದರು. ಹಗ್ಗ ತಮ್ಮದಾಯಿತು, ಸಂತೆಯಲ್ಲಿ ಹೇಳುವ ಬೆಲೆಯೂ ತಮ್ಮದಾಯಿತು. ಉಳಿದ ಚೂರುಪಾರು ನಾರಿನಲ್ಲಿ ಅತ್ತೆ ಕರುಗಳಿಗೆ ಕಣ್ಣಿ ಹೆಣೆಯತೊಡಗಿದಳು. ಹಗ್ಗಕ್ಕಿಂತ ಕಣ್ಣಿಯೇ ಬೇಗ ಖಾಲಿಯಾಗುತ್ತಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಯಿಂದ ಬರುವಾಗ ಅತ್ತೆಯ ನಡಿಗೆಯೇ ಬೇರೆಯಾಯಿತು.

ಎರಡನೆಯ ಕಂತು ಬಂದ ವಾರ ಸೊಸೆಯ ಅಣ್ಣ ನಗರದಿಂದ ಫೋನು ಮಾಡಿದ.

"ಮಿಲ್ಲಿನಲ್ಲಿ ನಿನಗೆ ಜಾಗ ಮಾತಾಡಿದ್ದೀನಿ. ತಿಂಗಳ ಕೊನೇವರೆಗೂ ಕಾಯ್ತಾರೆ, ಅಷ್ಟೇ. ಬರೋವಾಗ ಆ ದುಡ್ಡು ಕೈಯಲ್ಲಿರಲಿ. ನಿನ್ನ ಫೋನಿಗೆ ಬಂದದ್ದು ನಿಂದೇ."

ಹೋಗಬೇಕು ಅನ್ನಿಸಿತು. ಒಂದು ವರ್ಷದಲ್ಲಿ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಆ ಗೆರೆಯ ಮೇಲೆ ಇನ್ನೊಂದು ವರ್ಷ ಹಿಂದಕ್ಕೆ ನಡೆದರೆ ತಾನು ಮುಗಿದೇಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳು ಹೋದರೆ ಓಣಿಯ ಒಂದು ತುದಿ ಖಾಲಿ. ಅತ್ತೆ ಒಬ್ಬಳೇ ರಾಟೆಯನ್ನೂ ತಿರುಗಿಸಿ ನಾರನ್ನೂ ಬಿಡುವುದು ಆಗದ ಮಾತು. ಬೆಳೆದ ಮಕ್ಕಳಿದ್ದ ಅಣ್ಣನ ಎರಡು ಕೋಣೆಯ ಮನೆಯಲ್ಲಿ ಅತ್ತೆಗೆ ಕಾಲು ಚಾಚಲೂ ಜಾಗವಿರಲಿಲ್ಲ.

ಅವಳು ಪೇಟೆಗೆ ಹೋಗಿ ವೆಲ್ಡಿಂಗ್ ಅಂಗಡಿಯವನನ್ನು ಕಂಡಳು. ಯಾವ ಕೆಲಸ ಕೇಳಿದರೂ "ಮುಕ್ಕಾಲು ಮುಗೀತು" ಎನ್ನುವುದರಿಂದ ಅವನನ್ನು ಎಲ್ಲರೂ ಮುಕ್ಕಾಲು ಎಂದೇ ಕರೆಯುತ್ತಿದ್ದರು.

"ರಾಟೆಗೆ ಮೋಟರು ಕೂರಿಸ್ಬೇಕಾ? ಅದೇನು ಮಹಾ! ಓಣಿಯುದ್ದ ತಲೆಯ ಮೇಲೊಂದು ದಾರ ಎಳೀತೀನಿ. ಎಲ್ಲಿಂದ ಜಗ್ಗಿದ್ರೂ ನಿಲ್ಲುತ್ತೆ, ಮತ್ತೆ ಜಗ್ಗಿದ್ರೆ ತಿರುಗುತ್ತೆ. ಒಬ್ಬರೇ ಸಾಕು. ಮುಕ್ಕಾಲು ಮುಗೀತು ಅಂದ್ಕೊಳಿ ಅಕ್ಕ."

ಎಂಟು ದಿನಕ್ಕೆ ಮುಗಿಯಿತು. ಮೋಟರು ಬಂದು ರಾಟೆಯ ಪಕ್ಕ ಕೂತಿತು. ಎರಡನೆಯ ಕಂತಿನಲ್ಲಿ ಬಸ್ಸಿನ ಖರ್ಚಿನಷ್ಟೂ ಉಳಿಯಲಿಲ್ಲ. ಅತ್ತೆ ಅದರ ಸುತ್ತ ಒಂದು ಸುತ್ತು ಬಂದಳು. ರಾಟೆಯ ಹಳೆಯ ಹಿಡಿಕೆಯನ್ನು ಕಳಚಿ ನೆಲಕ್ಕೆ ಹಾಕಿದ್ದರು. ಅದನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು.

"ಇದು ಒಬ್ಬರಿಗೆ ಸಾಕಾಗೋ ಯಂತ್ರ ಅಲ್ವಾ?"

"ಹೌದು ಅತ್ತೆ."

"ಆ ಒಬ್ಬರು ಯಾರು?"

ಸೊಸೆ ತಲೆಯ ಮೇಲಿನ ದಾರದ ಗಂಟನ್ನು ಬಿಗಿಮಾಡತೊಡಗಿದಳು.

"ನಿಮ್ಮಣ್ಣ ಮಾತಾಡಿದ್ರೆ ಫೋನೇ ಬೇಡ, ಅಲ್ಲಿಂದ ಇಲ್ಲಿಗೆ ಹಂಗೇ ಕೇಳುತ್ತೆ," ಎಂದಳು ಅತ್ತೆ. "ದುಡ್ಡು ಎತ್ಕೊಂಡು ಹೋಗ್ತಾಳೆ ಅಂತ ದಿನಾ ಕಾಯ್ತಿದ್ದೆ. ಹೋಗಿದ್ರೆ ನಿನ್ನ ಬೈಕೊಂಡಾದ್ರೂ ಬದುಕ್ತಿದ್ದೆ. ಈಗ ಬೈಯೋಕೂ ಬಾಯಿಲ್ಲದ ಹಂಗೆ ಮಾಡಿಬಿಟ್ಟೆ."

"ಅತ್ತೆ, ನೀವು ಬೇಡ ಅಂದ್ರೆ..."

"ನನ್ನ ತಲೆ ಮೇಲೆ ಹಾಕ್ಬೇಡ. ಕಲಿಸ್ಕೊಡು."

ಕಲಿಸುವುದು ಸುಲಭವಾಗಲಿಲ್ಲ. ನಾರು ಬಿಡುವುದು ಅತ್ತೆಯ ಬೆರಳಿಗೆ ಅರ್ಧ ದಿನದಲ್ಲೇ ಹತ್ತಿತು. ಹಿಂದಕ್ಕೆ ನಡೆಯಲು ಮಾತ್ರ ಕಾಲು ಒಪ್ಪಲಿಲ್ಲ. ಮೂವತ್ತು ವರ್ಷ ಕೂತಲ್ಲೇ ಕೂತು, ಮೂರು ಮುಖಗಳು ದಿನವಿಡೀ ಚಿಕ್ಕವಾಗುತ್ತ ಹೋಗುವುದನ್ನು ನೋಡಿದವಳು. ಆ ತುದಿಯಲ್ಲಿ ನಿಂತರೆ ಹೇಗಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಕತ್ತು ಹೊರಳಿಸುವಳು. ಕತ್ತು ಹೊರಳಿದರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ಎಳೆಯಲ್ಲಿ ಗಂಟು. ಗಂಟು ಬಿದ್ದ ಹಗ್ಗವನ್ನು ಸಂತೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ.

"ನಾನು ಹೇಳ್ತೀನಿ ಅತ್ತೆ, ನೀವು ಹಿಂದೆ ನೋಡ್ಬೇಡಿ."

"ನೀನು ಹೇಳ್ಬೇಡ. ಬಾಯಿ ಮುಚ್ಕೊಂಡು ನಿಂತ್ಕೋ. ಮುಂದಿನ ವಾರ ಯಾರು ಹೇಳ್ತಾರೆ?"

ಸೊಸೆ ರಾಟೆಯ ಹತ್ತಿರ ಬಾಯಿ ಮುಚ್ಚಿ ನಿಂತಳು. ಅತ್ತೆಯ ಮುಖ ಚಿಕ್ಕದಾಗುತ್ತ ಹೋಯಿತು. ಮೂವತ್ತೆಂಟು. ಮೂವತ್ತೊಂಬತ್ತು. ಬೆನ್ನು ದಬ್ಬೆಂದು ಗೋಡೆಗೆ ಬಡಿಯಿತು.

ಗೋಡೆಯ ಮನೆಯವಳು ಕಿಟಕಿಯಿಂದ ತಲೆ ಹಾಕಿದಳು. "ಏನಕ್ಕಾ, ಬೆನ್ನು ತುರಿಸ್ಕೊಳ್ಳೋಕೆ ನನ್ನ ಗೋಡೆನೇ ಬೇಕಿತ್ತಾ?"

"ನಿನ್ನ ಗೋಡೆ ಗಟ್ಟಿ ಇದೆಯಾ ಅಂತ ನೋಡ್ದೆ ಕಣೇ. ಪರವಾಗಿಲ್ಲ, ಇದೆ," ಎಂದಳು ಅತ್ತೆ. ನಕ್ಕಳು ಕೂಡ. ಆಮೇಲೆ ಅಲ್ಲೇ ಕುಸಿದು ಕೂತು ಬಹಳ ಹೊತ್ತು ಏಳಲಿಲ್ಲ.

ಸೊಸೆ ಆ ಸಂಜೆ ಅಣ್ಣನಿಗೆ ಬರುವುದಿಲ್ಲವೆಂದು ಹೇಳಲು ಫೋನು ಕೈಗೆತ್ತಿಕೊಂಡಳು. ಅತ್ತೆ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಒಳಕೋಣೆಗೆ ಹೋಗಿ ಗೂಟದಲ್ಲಿದ್ದ ಹಗ್ಗವನ್ನು ತೆಗೆದುಕೊಂಡು ಬಂದಳು.

"ಅದು ಬೇಡ ಅತ್ತೆ."

"ಯಾಕೆ?"

ಸೊಸೆ ಹಗ್ಗದ ಒಂದು ತುದಿಯನ್ನು ಹಿಡಿದುಕೊಂಡಳು.

"ಹಗ್ಗ ಅಂದ್ಮೇಲೆ ಕೆಲಸಕ್ಕೆ ಬರ್ಬೇಕು. ಗೂಟಕ್ಕೆ ನೇತಾಕಿ ದಿನಾ ನೋಡ್ತಾ ಕೂತ್ರೆ ಅದಕ್ಕೂ ಗೆದ್ದಲು, ನಮಗೂ ಗೆದ್ದಲು."

ಗೋಡೆಗೆ ಎರಡು ಹೆಜ್ಜೆ ಈಚೆ ಆ ಹಗ್ಗವನ್ನು ಓಣಿಗೆ ಅಡ್ಡವಾಗಿ ಹಾಸಿ ಎರಡು ಕಡೆಯೂ ಮೊಳೆ ಹೊಡೆದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಆ ಸಲ ಕತ್ತು ಹೊರಳಿಸಲಿಲ್ಲ. ಹಿಮ್ಮಡಿಗೆ ಹಗ್ಗ ತಾಗುತ್ತಲೇ ಕೈಯೆತ್ತಿ ದಾರ ಜಗ್ಗಿದಳು. ಮೋಟರು ನಿಂತಿತು. ಎಳೆಯಲ್ಲಿ ಒಂದೂ ಗಂಟಿರಲಿಲ್ಲ.

"ಅವನೇ ಹೇಳ್ದ ಹಂಗಾಯ್ತು," ಎಂದಳು ಅತ್ತೆ ದೂರದಿಂದ. ಅವಳ ಮುಖ ಸೊಸೆಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಹೊರಡುವ ದಿನ ಸೊಸೆ ಚೀಲ ಹಿಡಿದು ಹೊರಗೆ ಬಂದಾಗ ಅತ್ತೆ ಆಗಲೇ ನಾರು ಸಿಕ್ಕಿಸಿ ಐದಾರು ಹೆಜ್ಜೆ ಸರಿದಿದ್ದಳು.

"ಅತ್ತೆ, ಬರ್ತೀನಿ."

"ಎಳೆ ಮಧ್ಯದಲ್ಲಿದೆ, ನಿಲ್ಲಿಸೋಕಾಗಲ್ಲ. ಬಸ್ಸಿನ ದುಡ್ಡು ಚೀಲದ ಪಕ್ಕದ ಜೇಬಲ್ಲಿದೆ. ಕಣ್ಣಿ ಮಾರಿದ್ದು. ಹೋಗು."

ಸೊಸೆ ಓಣಿಯ ಅಂಚಿನಲ್ಲಿ, ಆ ಗೆರೆಯನ್ನು ಬಿಟ್ಟು, ಮುಂದಕ್ಕೆ ನಡೆದಳು. ಒಮ್ಮೆ ತಿರುಗಿ ನೋಡಿದಳು. ಅತ್ತೆ ಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಿದ್ದಳು. ಇಷ್ಟು ದಿನ ಓಣಿಯ ಈ ತುದಿಯಿಂದ ಅವಳಿಗೆ ಕಂಡದ್ದು ಅತ್ತೆಯ ಮುಖ. ಈಗ ಕಂಡದ್ದು ಬೆನ್ನು. ರವಿಕೆಯ ಮೇಲೆ ಗೋಡೆಯ ಸುಣ್ಣದ ಕಲೆ ಇನ್ನೂ ಹೋಗಿರಲಿಲ್ಲ. ಗೋಡೆ, ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ನೆಲದ ಮೇಲಿನ ಹಗ್ಗವನ್ನು ತುಳಿಯದೆ ದಾಟಿ ತಿರುವಿನಾಚೆ ಹೋಗಿ ನಿಂತಳು.

ಮೋಟರಿನ ಸದ್ದು ನಿಂತಿತು.

ಎಳೆಯ ತುದಿ ಕಟ್ಟಿ, ಅತ್ತೆ ಮತ್ತೆ ರಾಟೆಯವರೆಗೆ ನಡೆಯಬೇಕು. ಸೊಸೆ ಮನಸ್ಸಿನಲ್ಲೇ ಆ ಹೆಜ್ಜೆಗಳನ್ನು ಎಣಿಸಿದಳು. ನಲವತ್ತಾಯಿತು. ಸದ್ದಿಲ್ಲ. ಐವತ್ತಾಯಿತು. ಚೀಲವನ್ನು ಕೆಳಗಿಟ್ಟಳು. ಮೂಗಿನ ಪಕ್ಕದಲ್ಲಿ ಏನೋ ಬೆಚ್ಚಗೆ ಇಳಿಯಿತು. ಮುಟ್ಟಿ ನೋಡಿಕೊಂಡಳು, ಒದ್ದೆ. ಅರುವತ್ತಾಯಿತು.

ಆಗ ಮೋಟರು ಮತ್ತೆ ತಿರುಗತೊಡಗಿತು.

ಅವಳು ಚೀಲ ಎತ್ತಿಕೊಂಡು ಬಸ್ಸಿನ ದಾರಿ ಹಿಡಿದಳು.