ಪ್ರಭಾವತಿ ಟೀಚರ ಮಾದರಿ ಪಾಠ

"ಮೂರು ರೊಟ್ಟಿ ಉಂಟು, ತಿನ್ನುವವರು ಇಬ್ಬರು. ಜಗಳ ಇಲ್ಲದ ಹಾಗೆ ಹಂಚುವುದು ಹೇಗೆ?"

ಪ್ರಭಾವತಿ ಟೀಚರು ಕೇಳಿ ಮುಗಿಸುವಷ್ಟರಲ್ಲಿ ಕಟ್ಟಡ ಕೆಲಸದವರ ಶೆಡ್ಡಿನ ಮಕ್ಕಳೆಲ್ಲ ಎದ್ದು ಮೇಜನ್ನು ಮುತ್ತಿಕೊಂಡಿದ್ದವು. ಜೋಳದ ರೊಟ್ಟಿಯನ್ನು ಅವರೇ ಪರ್ಕಳದ ಅಂಗಡಿಯಿಂದ ತಂದಿದ್ದರು. ಎಣ್ಣೆ ಸುರಿವ ತಲೆಯ ಹುಡುಗಿಯೊಬ್ಬಳು ಮೂರನೆಯದನ್ನು ಮುರಿದು, "ಒಂದೂವರಿ, ಒಂದೂವರಿ!" ಎಂದು ಕೂಗಿದಳು.

"ಶಾಭಾಸ್! ಈಗ ಇನ್ನಿಬ್ಬರು ನೆಂಟರು ಬಂದರು. ಎಂತ ಮಾಡುವ?"

ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಶೈಲಶ್ರೀ ತಪ್ಪು ಬರೆದುಕೊಳ್ಳಲು ತೆರೆದಿಟ್ಟ ಪೆನ್ನನ್ನು ಮುಚ್ಚಿದಳು. ಬಡವರ ಕೇರಿಯ ಶಾಲೆಗಳಿಗೆ ಶಿಕ್ಷಕರನ್ನು ಹುಡುಕಿ ತಯಾರು ಮಾಡುವ ಸಂಸ್ಥೆ ಅವಳದು. ಅರ್ಜಿ ಹಾಕಿದವರು ಯಾರೇ ಇರಲಿ, ಮಕ್ಕಳ ಮುಂದೆ ಒಂದು ಮಾದರಿ ಪಾಠ ಮಾಡಲೇಬೇಕು. ಅವಳೂ ಸಂಸ್ಥೆಯ ಜೊತೆಗಾರ ಧರ್ಮಪಾಲನೂ ಇಬ್ಬರೂ ಒಪ್ಪಬೇಕು. ನಿವೃತ್ತರಾಗಿ ಮನೆಯಲ್ಲಿ ಕೂರಲಾರದೆ ಬಂದ ಈ ಹೆಂಗಸು ಮಕ್ಕಳ ಮುಂದೆ ತಡವರಿಸುವುದನ್ನು ಕಣ್ತುಂಬ ನೋಡಬೇಕೆಂದೇ ಅವಳು ಬಂದಿದ್ದಳು.

ಶೈಲಶ್ರೀಯ ಅಪ್ಪ, ಗಾರೆ ಕಲ್ಲಯ್ಯ, ಬಾದಾಮಿ ಕಡೆಯಿಂದ ಮಣಿಪಾಲದ ಹಾಸ್ಟೆಲು ಕಟ್ಟಲು ಬಂದವನು. ಆಗ ಪರ್ಕಳದ ಶಾಲೆಯಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳನ್ನೂ ಉಳಿದ ಶೆಡ್ಡಿನ ಮಕ್ಕಳನ್ನೂ ಪ್ರಭಾವತಿ ಟೀಚರು ಲೆಕ್ಕದ ಪಿರಿಯಡ್ಡಿನಲ್ಲಿ ಹೊರಗೆ ಕಳಿಸುತ್ತಿದ್ದರು. "ಕಟ್ಟಡ ಮುಗಿದ ಕೂಡಲೇ ಗಂಟುಮೂಟೆ ಕಟ್ಟುವವರು ನೀವು. ನಿಮಗೆ ಪಾಠ ಹೇಳಿ ಎಂತ ಪ್ರಯೋಜನ? ಹೋಗಿ, ಗಿಡಗಳಿಗೆ ನೀರು ಹಾಕಿ." ಕಲ್ಲಯ್ಯ ಊರಿಗೆ ಮರಳಲೇ ಇಲ್ಲ, ಒಂದು ಕಟ್ಟಡ ಮುಗಿದರೆ ಪಕ್ಕದಲ್ಲೇ ಇನ್ನೊಂದು ಏಳುತ್ತಿತ್ತು. ಶೈಲಶ್ರೀ ಹೇಗೋ ಈಜಿ ದಡ ಸೇರಿದಳು. ಅಕ್ಕ ರಾಜಶ್ರೀ ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವಳು, ಅಪ್ಪ ಕಟ್ಟಿದ ಹಾಸ್ಟೆಲಿನಲ್ಲೇ ಇವತ್ತಿಗೂ ನೆಲ ಒರೆಸುತ್ತಾಳೆ. ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಉಪದೇಶ ಮಾಡುವವರು ಬಿಸಿಲಲ್ಲಿ ನಿಂತು ಕಿಟಕಿಯೊಳಗಿನ ಮಗ್ಗಿ ಕೇಳಿದವರಲ್ಲ.

ಈಗ ನೋಡಿದರೆ ಮಕ್ಕಳು ಟೀಚರ ಸೆರಗು ಹಿಡಿದು ಜಗ್ಗುತ್ತಿದ್ದವು. ಹಾಗಾದರೆ ಈಕೆಗೆ ಕಲಿಸಲು ಬರುತ್ತಿತ್ತು. ಆಗಲೂ ಬರುತ್ತಿತ್ತು. ನಮಗೆ ಮಾತ್ರ ಕಲಿಸಲಿಲ್ಲ.

"ಎಂಥ ಪಾಠ ಮಾರಾಯ್ತಿ!" ಹೊರಗೆ ಬಂದ ಧರ್ಮಪಾಲ ಹೇಳಿದ. "ಉಚ್ಚಿಲದ ಶೆಡ್ಡಿನ ಶಾಲೆಗೆ ಇವರನ್ನೇ ಹಾಕುವ. ಅಲ್ಲಿ ಜೂನಿನಿಂದ ಲೆಕ್ಕಕ್ಕೆ ಜನವೇ ಇಲ್ಲ ಅಲ್ವಾ?"

"ಬೇಡ."

ಯಾಕೆ ಎಂದು ಅವನು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು.

"ನಿನ್ನ ಸಿಟ್ಟು ನ್ಯಾಯವೇ. ಬೇಡ ಅಂದರೆ ಬೇಡ. ಆದರೆ ಉಚ್ಚಿಲದ ಮಕ್ಕಳಿಗೆ ಎಂತ ಹೇಳುವುದು?"

ಶೈಲಶ್ರೀ ಬಾಗಿಲಿಗೆ ಹೋಗಿ ಟೀಚರನ್ನು ಕರೆದಳು.

"ನಿಮ್ಮನ್ನು ಎಲ್ಲೋ ನೋಡಿದ ಹಾಗೆ ಉಂಟು," ಎಂದರು ಪ್ರಭಾವತಿ ಟೀಚರು, ಕೈಗೆ ಹತ್ತಿದ ರೊಟ್ಟಿಯ ಹಿಟ್ಟು ಕೊಡವುತ್ತ. "ಯಾರ ಮಗಳು?"

"ಪರ್ಕಳದ ಶೆಡ್ಡು. ಗಾರೆ ಕಲ್ಲಯ್ಯನ ಮಗಳು. ರಾಜಶ್ರೀಯ ತಂಗಿ."

ಟೀಚರು ಯೋಚಿಸಿದರು. "ನೆನಪಾಗುವುದಿಲ್ಲ ಮಗಾ. ತರಗತಿಯಲ್ಲಿ ಎಷ್ಟೋ ಮಕ್ಕಳು."

"ನಾವು ತರಗತಿಯಲ್ಲಿ ಇರಲೇ ಇಲ್ಲ ಟೀಚರ್. ನಿಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದೆವು."

ಟೀಚರ ಮುಖ ಬಿಳಿಚಿತು. ಈ ಒಂದು ಕ್ಷಣಕ್ಕಾಗಿ ಅಷ್ಟು ವರ್ಷ ಕಾದವಳಿಗೆ ಅದು ಸಾಲಲಿಲ್ಲ.

"ಕೆಲಸ ನಿಮಗೇ," ಎಂದಳು. "ಉಚ್ಚಿಲದಲ್ಲಿ. ಹೊಸಬರ ತರಗತಿಯಲ್ಲಿ ನಮ್ಮವರು ಒಬ್ಬರು ಕೂರುವ ಕ್ರಮ ಉಂಟು. ನಾನು ಕೂರುತ್ತೇನೆ."

"ಬೇರೆ ಯಾರಾದರೂ ಕೂತರೆ..." ಎಂದರು ಟೀಚರು.

"ಬೇರೆ ಯಾರೂ ಇಲ್ಲ. ಆಗದಿದ್ದರೆ ಈಗಲೇ ಹೇಳಿ."

ಟೀಚರು ಒಳಗೆ ರೊಟ್ಟಿಯ ಚೂರಿಗಾಗಿ ಕಿತ್ತಾಡುತ್ತಿದ್ದ ಮಕ್ಕಳ ಕಡೆ ನೋಡಿದರು. "ಬರುತ್ತೇನೆ," ಎಂದರು ಮೆಲ್ಲಗೆ.

ಮೊದಲ ದಿನ ಉಚ್ಚಿಲದ ತಗಡಿನ ಕೋಣೆಗೆ ಶೈಲಶ್ರೀ ಒಬ್ಬಳೇ ಬರಲಿಲ್ಲ. ರಜೆ ಹಾಕಿಸಿ ಅಕ್ಕನನ್ನೂ ಕರೆತಂದಿದ್ದಳು. ನೆಲ ಒರೆಸಿ ಒರೆಸಿ ಬಿರಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ರಾಜಶ್ರೀ ಮಕ್ಕಳ ನಡುವೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಅದು ಯಾರೆಂದು ಟೀಚರು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬೋರ್ಡಿನ ಮೇಲೆ ಒಂದು ಭಾಗಾಕಾರ ಬರೆದು, ಬಿಡಿಸಿ, ವಿವರಿಸಿದರು.

ರಾಜಶ್ರೀ ಕೈ ಎತ್ತಿದಳು. "ತಿಳೀಲಿಲ್ರಿ ಟೀಚರ್. ಮತ್ತೊಮ್ಮೆ ಹೇಳ್ರಿ."

ಟೀಚರು ಅಳಿಸಿ, ಮತ್ತೆ ಬರೆದರು. ಸೀಮೆಸುಣ್ಣ ಮುರಿದು ಬಿತ್ತು, ಬಗ್ಗಿ ಎತ್ತಿಕೊಂಡರು. ಈ ಸಲ ಇನ್ನೂ ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ಮಕ್ಕಳು ತಲೆಯಾಡಿಸಿದವು. ಅಕ್ಕನ ತುಟಿ ಉತ್ತರವನ್ನು ಸದ್ದಿಲ್ಲದೆ ಹೇಳಿಕೊಂಡದ್ದನ್ನು ಶೈಲಶ್ರೀ ಕಂಡಳು.

ರಾಜಶ್ರೀ ಮತ್ತೆ ಕೈ ಎತ್ತಿದಳು. "ತಿಳೀಲಿಲ್ರಿ ಟೀಚರ್."