ಬಣ್ಣ ಬಳಿದ ಮುಖ

"ಇಳಿಸ್ರೋ! ಇಳಿಸಿ ಅಂದ್ನಲ್ಲ!"

ಹೆಗಲಿಗೇರಿದ್ದ ಚಟ್ಟದ ಬಿದಿರನ್ನು ಕಾಮಾಕ್ಷಮ್ಮ ಹಿಡಿದು ಜಗ್ಗಿದ ರಭಸಕ್ಕೆ ಹೊತ್ತವರು ಬೆಚ್ಚಿ, ಸಣ್ಣಸ್ವಾಮಿಯ ಹೆಣವನ್ನು ಮತ್ತೆ ಅಂಗಳದಲ್ಲಿ ಇಳಿಸಿದರು. ಗಂಡನನ್ನು ಕಳೆದುಕೊಂಡ ಹೆಂಗಸು, ಬೈಯುವ ಹಾಗಿಲ್ಲ. ಹಾಗಂತ ಎಷ್ಟು ಸಲ ಇಳಿಸುವುದು?

"ಗುಣಿ ತೋಡ್ಕೊಂಡು ಆಗ್ಲಿಂದ ಕಾಯ್ತಾವ್ರೆ ಅತ್ತಿಗೆ," ಎಂದ ಮೈದುನ ಚನ್ನಮಲ್ಲಪ್ಪ.

"ಟಿಬೆಟ್‌ನೋರ ಕ್ಯಾಂಪಿಂದ ಲಾಮಾ ಬರ್ಲಿ. ಪಕ್ಕದ್ಮನೆ ದೀಪು ಬೈಕಲ್ಲಿ ಹೋಗವ್ನೆ, ಕರ್ಕೊಂಡು ಬತ್ತಾನೆ."

"ನಮ್ಮ ಸಾವಿಗೆ ಹೊಳೆ ಆಚೆ ಲಾಮಾ ಯಾಕವ್ವಾ?"

"ನಿಮ್ಮಣ್ಣನ ಮೇಲೆ ಬೇಜಾರಿಲ್ಲ ಅಂತ ಒಂದು ಮಾತು ಅನ್ಲಿ. ಅದಿಲ್ದೆ ಮಣ್ಣಿಗೆ ಹಾಕಕ್ಕೆ ಬಿಡಾಕಿಲ್ಲ ನಾನು!"

*

ಕುಶಾಲನಗರದ ಸುತ್ತ ಸಣ್ಣಸ್ವಾಮಿಯ ಗಾರೆ ಕೈಯನ್ನು ಹೊಗಳದವರಿರಲಿಲ್ಲ. ಊರೂರಿನ ಗುಡಿಯ ಗೋಪುರದ ಗೊಂಬೆಗಳಿಗೆ ಮೂಗು ತಿದ್ದಿ, ಹಳೇ ಬಣ್ಣ ಕೆರೆದು ಹೊಸದು ಬಳಿಯುವವನು ಅವನೇ. ಅದಕ್ಕೇ ಹಿಂದೊಮ್ಮೆ ಕ್ಯಾಂಪಿನ ಹಳೇ ಲಾಮಾ ಉಣ್ಣೆ ಬಟ್ಟೆಯಲ್ಲಿ ಸುತ್ತಿದ ಬುದ್ಧನ ಮುಖವೊಂದನ್ನು ಹಿಡಿದು ಅವನನ್ನೇ ಹುಡುಕಿಕೊಂಡು ಬಂದದ್ದು. ತಮ್ಮ ದೇಶದಲ್ಲಿ ಪಾಳುಬಿದ್ದ ಗುಡಿಯ ಗೋಡೆಯಿಂದ ಕಳಚಿ ಬಿದ್ದದ್ದಂತೆ. ಗಾರೆಯಲ್ಲಿ ಉಬ್ಬಿ ನಿಂತ, ಅಂಗೈಯಗಲದ ಮುಖ. ಎಷ್ಟು ತಲೆಮಾರು ಹಿಂದಿನದೋ ಯಾರಿಗೂ ಗೊತ್ತಿಲ್ಲ. ಕೆನ್ನೆಯ ಮೇಲೆ ಕೆಂಪಿನ ನೆನಪಷ್ಟೇ ಉಳಿದಿತ್ತು.

"ಕಿವಿ ಬಿರುಕು ಬಿಟ್ಟಿದೆ. ಅಷ್ಟು ಸೇರಿಸಿ ಕೊಡಿ," ಎಂದಿದ್ದರು ಲಾಮಾ.

ಸಣ್ಣಸ್ವಾಮಿ ಅಷ್ಟೇ ಮಾಡಿ ಮುಗಿಸಿದ್ದ. ಕಾಮಾಕ್ಷಮ್ಮನ ಬಾಯಿ ಸುಮ್ಮನಿರಬೇಕಲ್ಲ!

"ಅಯ್ಯೋ, ಇಷ್ಟು ಮಾಸಿರೋ ದೇವ್ರನ್ನ ಹಿಂಗೇ ಕೊಡ್ತೀರಾ? ನೋಡ್ದೋರು ಏನಂದಾರು?"

ಅವಳ ಮಾತಿಗೆ ಅವನು ಎಂದು ಇಲ್ಲವೆಂದಿದ್ದ? ಉಜ್ಜುಕಾಗದ ಹಿಡಿದು ಇದ್ದಬದ್ದ ಬಣ್ಣ ತೆಗೆದ. ಸುಣ್ಣದ ಪದರ ಕೊಟ್ಟ. ಹಳದಿ ಕೆನ್ನೆ, ಕೆಂಪು ತುಟಿ, ಕಪ್ಪು ಹುಬ್ಬು, ಎಲ್ಲಾ ಪಳಪಳ ಎನಾಮಲ್. ಭಕ್ತಿಯಿಂದಲೇ ಬಳಿದ. ಒಂದು ಕಾಸೂ ಕೇಳಲಿಲ್ಲ.

ಬಟ್ಟೆ ಬಿಚ್ಚಿ ನೋಡಿದ ಲಾಮಾ ನೆಲದ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ. ಮುಖವನ್ನು ಎದೆಗವುಚಿಕೊಂಡು ಹೋದರು.

ಅವತ್ತಿನಿಂದ ಸಣ್ಣಸ್ವಾಮಿ ಗೊಂಬೆ ಮುಟ್ಟಲಿಲ್ಲ; ಕಕ್ಕಸಿನ ಗೋಡೆ, ನೀರಿನ ತೊಟ್ಟಿ, ಅಷ್ಟೇ. ಹೆಂಡತಿಯನ್ನು ಒಂದು ಸಲವೂ ದೂರಲಿಲ್ಲ. ಅದೇ ಅವಳನ್ನು ಸುಟ್ಟಿತು.

*

ದೀಪುವಿನ ಬೈಕಿನಿಂದ ಇಳಿದವನು ಎಳೆಯ ಸನ್ಯಾಸಿ. ಹಳೇ ಲಾಮಾ ಕಳೆದ ಮಳೆಗಾಲದಲ್ಲೇ ತೀರಿಕೊಂಡರೆಂದು ಹೇಳಿದ. ಅವನು ಬಿಳಿ ರೇಷ್ಮೆಯ ವಸ್ತ್ರವೊಂದನ್ನು ಹೆಣದ ಎದೆಯ ಮೇಲೆ ಹೊದಿಸಿ ಕೈಮುಗಿದ.

ಕಾಮಾಕ್ಷಮ್ಮ ಅವನ ಕೈ ಹಿಡಿದುಕೊಂಡಳು. "ಬಣ್ಣ ಬಳಿದ ಬುದ್ಧನ ಮುಖ... ಅದರ ವಿಷ್ಯ ಏನಾರಾ ಅಂದಿದ್ರಾ ಸ್ವಾಮಿ? ಹೋಗೋ ಮುಂಚೆ?"

"ಓ, ಅದಾ! ಗುರುಗಳಿಗೆ ಅದು ತುಂಬ ಇಷ್ಟ ಅಮ್ಮ. ಯಾವಾಗ್ಲೂ ಹಾಸಿಗೆ ಪಕ್ಕ ಇತ್ತು."

ಅವಳ ಕಣ್ಣು ತುಂಬಿ ಬಂತು. "ಹೌದಾ ನನ್ನಪ್ಪಾ!"

"ಹೌದಮ್ಮ. ಆದ್ರೆ ಗೋಡೆ ಕಡೆ ಮುಖ ಮಾಡಿ ಇಡ್ತಿದ್ರು. ನಾವು ಸರಿಯಾಗಿ ಇಟ್ರೆ ಮತ್ತೆ ತಿರುಗಿಸೋರು. ಕೊನೇ ದಿವಸಾನೂ ತಿರುಗಿಸಿದ್ರು. ಯಾಕೆ ಅಂತ ನಮಗೆ ಗೊತ್ತಾಗ್ಲಿಲ್ಲ."

ಕಾಮಾಕ್ಷಮ್ಮ ಅವನ ಕೈ ಬಿಟ್ಟಳು.

"ಇನ್ನು ಎತ್ತಣ್ವಾ ಅತ್ತಿಗೆ?" ಎಂದ ಚನ್ನಮಲ್ಲಪ್ಪ.

ಅವಳು ಬಗ್ಗಿ ಆ ಬಿಳಿ ವಸ್ತ್ರವನ್ನು ಗಂಡನ ಎದೆಯಿಂದ ಮೇಲಕ್ಕೆಳೆದು ಮುಖದ ಮೇಲೆ ಹಾಕಿದಳು.

"ಮುಚ್ಬಾರ್ದು ಅತ್ತಿಗೆ, ದಾರೀಲಿ ಜನ ಮುಖ ನೋಡ್ಬೇಕು," ಎಂದು ಅವನು ಕೈಚಾಚಿದ.

ಅವಳು ಆ ಕೈ ತಳ್ಳಿ, ವಸ್ತ್ರದ ಅಂಚನ್ನು ಎರಡೂ ಕಿವಿಗಳ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು.