ಅಕ್ಕನ ಬಲಗೈ

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಚೆಸ್ ಕ್ಲಬ್ಬಿನಲ್ಲಿ ಅವಳಿಗೆ ಚಟಪಟ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಕಾಯಿ ಇಡುವ ಸದ್ದು ಚಟ್, ಗಡಿಯಾರದ ಗುಂಡಿ ಒತ್ತುವ ಸದ್ದು ಪಟ್. ಎರಡರ ನಡುವೆ ಎದುರಿಗೆ ಕೂತವನಿಗೆ ಉಸಿರೆಳೆದುಕೊಳ್ಳಲೂ ಬಿಡುವು ಸಿಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಅಲ್ಲಿ ಬ್ಲಿಟ್ಜ್ ಆಟ. ಒಬ್ಬೊಬ್ಬರಿಗೂ ಐದೈದು ನಿಮಿಷ; ಸಮಯ ಮುಗಿದರೆ ಗೆಲ್ಲುವ ಆಟವೂ ಸೋತ ಹಾಗೆಯೇ. ಬಸ್ಸು ಓಡಿಸುವವರು, ಲೆಕ್ಕ ಬರೆಯುವವರು, ನಿವೃತ್ತ ಮೇಷ್ಟ್ರುಗಳು ರಬ್ಬರಿನ ವಾಸನೆ ತುಂಬಿದ ಆ ಕೋಣೆಗೆ ಬಂದು ಸಾಲಾಗಿ ಕೂರುತ್ತಿದ್ದರು. ಅವರನ್ನೆಲ್ಲ ಸೋಲಿಸಿ, ಸೆರಗು ಕೊಡವಿಕೊಂಡು ಎದ್ದು ಹೋಗುತ್ತಿದ್ದವಳು ಚಟಪಟ.

ವಾರದ ಉಳಿದ ದಿನ ಅವಳು ಹೊಲಿಗೆ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಕೋಟಿನ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಒಮ್ಮೆ ಗೆರೆ ಎಳೆದರೆ ಆಯಿತು, ಕತ್ತರಿ ನೇರ ತೋಳಿನ ತಿರುವಿಗೆ ಇಳಿಯುತ್ತಿತ್ತು. ಮದುವೆಗೂ ಅವಳು ಹಾಗೇ ಹೂಂ ಅಂದಿದ್ದಳು. ಎಲೆಕ್ಟ್ರಿಷಿಯನ್ ಒಬ್ಬ ಮನೆಯ ಫ್ಯಾನು ರಿಪೇರಿಗೆ ಬಂದಿದ್ದ; ಏಣಿಯಿಂದ ಅವನು ಇಳಿಯುವುದರೊಳಗೆ ತೀರ್ಮಾನ ಆಗಿಹೋಗಿತ್ತು ಎಂದು ಮನೆಯವರು ಈಗಲೂ ನಗುತ್ತಾರೆ.

ಅವಳ ತಮ್ಮ ಇದಕ್ಕೆ ತದ್ವಿರುದ್ಧ. ಔಷಧಿ ಅಂಗಡಿ ನಡೆಸುತ್ತಿದ್ದ ಅವನನ್ನು ಕ್ಲಬ್ಬಿನವರು ನಿಧಾನಿ ಎನ್ನುತ್ತಿದ್ದರು. ಇಬ್ಬರಿಗೂ ಆಟ ಕಲಿಸಿದ್ದು ಅಪ್ಪ, ಒಂದೇ ಹಲಗೆಯ ಮೇಲೆ. ಆದರೆ ಅಕ್ಕ ಕಾಯಿ ನೋಡಿದರೆ, ತಮ್ಮ ಆ ಕಾಯಿಯ ಹಿಂದಿನ ಕಾಯಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಗಡಿಯಾರ ಸತ್ತುಹೋಗುತ್ತಿತ್ತು. ಚಿಕ್ಕಂದಿನಿಂದ ಅವನು ಅಕ್ಕನಿಗೆ ಸೋತುಕೊಂಡೇ ಬಂದಿದ್ದ. ಅದರಿಂದ ಅವನಿಗೆ ಬೇಸರವಿಲ್ಲ ಎಂದು ಎಲ್ಲರೂ ನಂಬಿದ್ದರು, ಅವನೂ ಸೇರಿ.

ಅಕ್ಕನ ಆಟ ಅವನಿಗೆ ಬಾಯಿಪಾಠ. ಮೊದಲ ಹತ್ತು ನಡೆ ಯೋಚನೆಯೇ ಇಲ್ಲ. ಆಮೇಲೆ ಎದುರಾಳಿಯ ರಾಜನ ಕೋಟೆಗೆ ಒಂಟೆಯನ್ನೋ ಕುದುರೆಯನ್ನೋ ಎಸೆದುಬಿಡುತ್ತಿದ್ದಳು. ಅದು ಸರಿಯೋ ತಪ್ಪೋ ಎಂದು ಎದುರಿನವನು ತಲೆ ಕೆಡಿಸಿಕೊಂಡು ಕೂತಷ್ಟೂ ಅವಳಿಗೆ ಲಾಭ. ಹೆದರಿಕೆ ಎನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ತಪ್ಪು ನಡೆ ಇಟ್ಟರೂ ಮುಖ ಬಾಡುತ್ತಿರಲಿಲ್ಲವಾದ್ದರಿಂದ ಅದು ತಪ್ಪು ಎಂದು ಎದುರಿನವನಿಗೆ ತಿಳಿಯುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೈ. ಕೊನೆಯ ಹತ್ತು ಸೆಕೆಂಡಿನಲ್ಲಿ ಆ ಬಲಗೈಯನ್ನು ಹಿಡಿಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಇಬ್ಬರೂ ಎದುರುಬದುರು ಕೂತಿದ್ದರು. ಎಂದಿನಂತೆ ತಮ್ಮ ಯೋಚಿಸುತ್ತಿದ್ದ. ಕಣ್ಣೆತ್ತಿದಾಗ ಅಕ್ಕನ ಬಲಗೈ ಮೇಜಿನ ಅಂಚಿನಲ್ಲಿ ಸುಮ್ಮನೆ ಬಿದ್ದಿತ್ತು. ಆದರೆ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು, ಸಣ್ಣ ಗುಳಿಗೆಯೊಂದನ್ನು ಉರುಳಿಸುವ ಹಾಗೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಹಾಗೆ ಬೆರಳು ಉರುಳಿಸುವವರಿಗೆ ಅವನು ದಿನವೂ ನಡುಕದ ಕಾಯಿಲೆಯ ಮಾತ್ರೆ ಕೊಡುತ್ತಿದ್ದ. ಮೊದಲು ತಾವೇ ಬರುತ್ತಾರೆ, ಆಮೇಲೆ ಕೋಲು ಊರಿಕೊಂಡು ಬರುತ್ತಾರೆ, ಆಮೇಲೆ ಮನೆಯವರು ಬರುತ್ತಾರೆ. ಆ ಆಟ ಅವನು ಸೋತ.

ಮೆಟ್ಟಿಲಿಳಿದು ಬೀದಿಯಲ್ಲಿ ನಡೆಯುವಾಗ ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿದು ನೋಡಿದ. ಅಕ್ಕನ ಎಡಗೈ ಬೀಸುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡಂತೆ ಇತ್ತು. ಹೇಳಬೇಕು ಅಂದುಕೊಂಡ. ಹೇಗೆ ಹೇಳುವುದು, ಮೊದಲು ಭಾವನಿಗೆ ಹೇಳುವುದೋ ಅಕ್ಕನಿಗೋ, ತನ್ನ ಊಹೆ ಸುಳ್ಳಾದರೆ? ಹೀಗೆ ಯೋಚಿಸುತ್ತಿರುವಾಗಲೇ ಅವಳ ಬಸ್ಸು ಬಂತು.

ಅದಾದ ಮೇಲೆ ಅವಳು ಸೋಲತೊಡಗಿದಳು. ಮೊದಲು ಬಸ್ ಡ್ರೈವರನಿಗೆ, ಆಮೇಲೆ ಮೇಷ್ಟ್ರುಗಳಿಗೆ. ಗೆಲ್ಲುವ ಆಟದಲ್ಲಿ ಗಡಿಯಾರ ಮುಗಿಯುತ್ತಿತ್ತು. ಒಂದು ದಿನ ತಮ್ಮನಿಗೂ ಸೋತಳು. ಅವನು ಗೆದ್ದದ್ದು ಕಂಡು ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಆ ಸಂಜೆ ಮನೆಗೆ ನಡೆದು ಹೋಗುವಾಗ ಅವನ ಎದೆಯಲ್ಲಿ ದುಃಖದ ಜೊತೆಗೆ ಬೇರೆ ಇನ್ನೇನೋ ಬೆಚ್ಚಗೆ ಇತ್ತು. ಅದೇನೆಂದು ಅವನು ಕೇಳಿಕೊಳ್ಳಲು ಹೋಗಲಿಲ್ಲ.

ಮುಂದಿನ ವಾರ ಅಕ್ಕ ಅಂಗಡಿಗೇ ಬಂದಳು. ಗಿರಾಕಿಗಳು ಹೋಗುವವರೆಗೆ ಕಾದು, ಕೌಂಟರಿನ ಮೇಲೆ ಬಾಗಿ ಕೇಳಿದಳು.

"ನನ್ನ ಆಟಕ್ಕೆ ಏನಾಗಿದೆಯೋ? ನಿನಗಿಂತ ಚೆನ್ನಾಗಿ ಅದನ್ನ ಬಲ್ಲವರಿಲ್ಲ. ಮುಲಾಜಿಲ್ಲದೆ ಹೇಳು."

ಹೇಳುವ ಗಳಿಗೆ ತಾನಾಗಿಯೇ ಬಂದು ಕೌಂಟರಿನ ಮೇಲೆ ಕೈಯೂರಿ ನಿಂತಿತ್ತು. ಅವನು ಕನ್ನಡಕ ತೆಗೆದು ಒರೆಸಿದ.

"ನಿನ್ನ ಕೊನೆಯಾಟ ಸಡಿಲ ಅಕ್ಕ. ಕಾಯಿ ಕಡಿಮೆ ಆದಮೇಲೆ ನಿನಗೆ ಬೇಜಾರಾಗುತ್ತೆ. ಏನಾದ್ರೂ ಒಂದು ಇಟ್ಟುಬಿಡ್ತೀಯ."

"ಸರಿ. ಇನ್ನು?"

"ಎದುರಿನವನಿಗೆ ಏನು ಬೇಕು ಅಂತ ನೀನು ನೋಡಲ್ಲ. ಮುಂದಿಟ್ಟ ಕಾಯಿನ ಹಿಂದೆ ತಗೊಳ್ಳೋಕೆ ನಿನಗೆ ಮನಸ್ಸೇ ಬರಲ್ಲ. ಸೋತರೂ ಸರಿ, ಹಿಂದೆ ಬರಬಾರದು ಅಂತೀಯ."

"ಹೌದಲ್ವಾ," ಅಂದಳು. ಅವಳ ಮುಖ ಹಗುರಾಯಿತು. "ಮುದುಕಿ ಆದೆನೇನೋ, ತಲೆ ಓಡ್ತಿಲ್ಲವೇನೋ ಅಂತ ಹೆದರಿದ್ದೆ. ಇದು ಕಲಿಯೋ ವಿಷಯ ತಾನೆ? ಕಲೀತೀನಿ ಬಿಡು."

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅವಳು ಸೋಲುತ್ತಿದ್ದದ್ದು ಮಾತ್ರ ಅದಕ್ಕಲ್ಲ.

ಅವಳು ನಿಜವಾಗಿಯೂ ಕಲಿತಳು. ಬೆಳಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ ಅಡುಗೆಮನೆಯ ಕಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು, ಒಂದು ಆನೆ, ಎರಡು ಕಾಲಾಳು ಇಟ್ಟು, ಹೀಗೆ ಹೋದರೆ ಏನು, ಹಾಗೆ ಹೋದರೆ ಏನು ಎಂದು ನೋಡುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. "ಮದುವೆಯಾದಾಗಿನಿಂದ ಇವಳು ಒಂದು ಕಡೆ ಸುಮ್ಮನೆ ಕೂತದ್ದನ್ನ ನಾನು ನೋಡೇ ಇರಲಿಲ್ಲ," ಎಂದು ಭಾವ ಫೋನಿನಲ್ಲಿ ಖುಷಿಯಿಂದ ಹೇಳಿದ. ತಮ್ಮ ಫೋನು ಕೆಳಗಿಟ್ಟು ಬಹಳ ಹೊತ್ತು ಮಾತ್ರೆಯ ಕಪಾಟನ್ನು ನೋಡುತ್ತ ನಿಂತ. ಆ ಮಾತ್ರೆಗಳು ಯಾವ ಅರೆಯಲ್ಲಿವೆ ಎಂದು ಅವನಿಗೆ ಗೊತ್ತಿತ್ತು.

ಈ ನಡುವೆ ಕಾರ್ಖಾನೆಯಲ್ಲಿ ಒಂದು ಎಡವಟ್ಟಾಯಿತು. ಉಣ್ಣೆಯ ಬಟ್ಟೆಯೊಂದರಲ್ಲಿ ಕತ್ತರಿ ಗೆರೆ ಬಿಟ್ಟು ಕೋಟಿನ ಹೆಗಲ ಭಾಗಕ್ಕೆ ನುಗ್ಗಿತು. ಯಜಮಾನ ಬೈಯಲಿಲ್ಲ, ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ, ಸ್ವಲ್ಪ ದಿನ ಗುಂಡಿ ಹೊಲಿಯುವ ಕಡೆಗೆ ಹಾಕಿದ. ಸೂಜಿಗೆ ದಾರ ಪೋಣಿಸಲು ಅವಳಿಗೆ ಪಕ್ಕದವಳ ನೆರವು ಬೇಕಾಯಿತು. ಅವಳು ಹೊಸ ಕನ್ನಡಕ ಮಾಡಿಸಿಕೊಂಡಳು.

ಕ್ಲಬ್ಬಿನ ವರ್ಷದ ಪಂದ್ಯದ ಕೊನೆಯ ಸುತ್ತಿನಲ್ಲಿ ಅಕ್ಕ ತಮ್ಮ ಎದುರಾದರು. ಕುರ್ಚಿಗಳನ್ನೆಳೆದುಕೊಂಡು ಎಲ್ಲರೂ ಸುತ್ತ ನೆರೆದಿದ್ದರು. ಅವಳು ಒಂಟೆ ಎಸೆಯಲಿಲ್ಲ. ಕಾಯಿಗಳು ಒಂದೊಂದಾಗಿ ಹಲಗೆ ಬಿಟ್ಟವು. ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ನಾಲ್ಕಾರು ಕಾಲಾಳು. ಅಲ್ಲಿ ಅವಳು ತಮ್ಮನ ರಾಜ ಎಲ್ಲಿಗೆ ಹೋಗಬೇಕೆಂದಿದ್ದಾನೆ ಎಂದು ನೋಡಿ, ಮುಂದಿದ್ದ ತನ್ನ ಆನೆಯನ್ನು ಹಿಂದಕ್ಕೆ ತಂದಳು. ಹುಟ್ಟಿದಾಗಿನಿಂದ ಅವಳು ಇಟ್ಟ ಅತಿ ಸುಂದರವಾದ ನಡೆ ಅದು. ತಮ್ಮನಿಗೆ ಅದು ಕಂಡಿತು. ತಾನು ಸೋತೆ ಎಂದೂ ಕಂಡಿತು.

ಅವನು ತನ್ನ ನಡೆ ಇಟ್ಟು ಗುಂಡಿ ಒತ್ತಿದ. ಅವಳು ಕೈ ಚಾಚಿದಳು. ಕೈ ತಡವಾಗಿ ಎದ್ದಿತು, ಎದ್ದದ್ದು ನೇರ ಬರಲಿಲ್ಲ. ಮಣಿಕಟ್ಟು ತಗುಲಿ ಅವಳ ರಾಜ ಉರುಳಿದ, ಜೊತೆಗೆ ಎರಡು ಕಾಲಾಳು. ಬೀಳಿಸಿದವರು ತಂತಮ್ಮ ಸಮಯದಲ್ಲೇ ಎತ್ತಿ ನಿಲ್ಲಿಸಬೇಕು, ಅದು ನಿಯಮ. ಅವಳು ರಾಜನನ್ನು ನಿಲ್ಲಿಸಿದಳು, ಕಾಲಾಳು ಜಾರಿತು. ಕಾಲಾಳು ಹಿಡಿಯಲು ಹೋದಾಗ ಮತ್ತೆ ರಾಜ.

ತಮ್ಮ ಗಡಿಯಾರ ನಿಲ್ಲಿಸಲು ಕೈ ಮುಂದೆ ಮಾಡಿದ.

"ಮುಟ್ಟಬೇಡ," ಅಂದಳು. "ಓಡಲಿ ಅದು."

ಓಡಿತು, ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸ್ ಡ್ರೈವರ್ ಬಗ್ಗಿ ನೆಲದಿಂದ ಕಾಲಾಳು ಎತ್ತಿ ಮೇಜಿನ ಮೇಲಿಟ್ಟ.

ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ನೀನು ನನ್ನ ಮುಖ ನೋಡಲಿಲ್ಲ. ಕಾಯಿ ಬಿದ್ದಾಗ ಎಲ್ಲರೂ ನನ್ನ ಮುಖ ನೋಡಿದರು, ನೀನು ಕೈ ನೋಡಿದೆ. ಏನಿದು?"

ಅವನು ಕಾಯಿಲೆಯ ಹೆಸರು ಹೇಳಿದ.

"ಯಾವಾಗಿನಿಂದ ಗೊತ್ತು?"

"ಬೇಸಿಗೆಯಿಂದ. ಖಾತ್ರಿ ಇರಲಿಲ್ಲ ಅಕ್ಕ."

"ಅಂಗಡಿಗೆ ಬಂದು ಕೇಳಿದೆನಲ್ಲ, ಆಗ ಗೊತ್ತಿತ್ತಾ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅವಳು ಮತ್ತೆ ಕೇಳದೆ, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಡಾಕ್ಟರು ಕೈ ಮಡಚಿಸಿ, ಬಿಡಿಸಿ, ನಡೆಸಿ ನೋಡಿ ಅದನ್ನೇ ಹೇಳಿದರು. ಮೊದಲೇ ಬಂದಿದ್ದರೂ ಕಾಯಿಲೆಗೆ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿದರು. ಜೊತೆಗೆ ಬಂದಿದ್ದ ತಮ್ಮ ಆ ಮಾತಿಗೆ ಜೋತುಬಿದ್ದ. ಹೊರಗಿನ ಬೆಂಚಿನಲ್ಲಿ ಕೂತು ಅದನ್ನೇ ಮತ್ತೆ ಅಂದ.

"ಕೇಳಿಸಿಕೊಂಡೆ," ಅಂದಳು ಅಕ್ಕ. "ಕಾಯಿಲೆಗೆ ವ್ಯತ್ಯಾಸ ಆಗ್ತಿರಲಿಲ್ಲ. ನನಗೆ ಆಗ್ತಿತ್ತು. ಇಷ್ಟು ದಿನ ನಾನು ನನ್ನನ್ನೇ ಬೈಕೊಂಡು ಓಡಾಡಿದೀನಿ. ಸೋಮಾರಿ, ದಡ್ಡಿ ಅಂತ. ಒಲೆ ಮುಂದೆ ಕೂತು ಆನೆ ಆಟ ಕಲಿತೆ ಕಣೋ."

ಮಾತ್ರೆಯಿಂದ ಬೆರಳು ಒಂದಿಷ್ಟು ನೆಟ್ಟಗಾಯಿತು, ವೇಗ ಬರಲಿಲ್ಲ. ಕಾರ್ಖಾನೆಯವರು ಅವಳಿಗೆ ವಿದಾಯ ಹೇಳಿದರು. ಸುಮ್ಮನೆ ಮನೆಯಲ್ಲಿ ಕೂರುವವಳನ್ನು ನೋಡಲಾಗದೆ ಭಾವನೇ ಕ್ಲಬ್ಬಿಗೆ ಹೋಗಿ ಕೇಳಿಕೊಂಡ. ಅವರು ಒಪ್ಪಿದರು: ಅವಳು ನಡೆ ಹೇಳಲಿ, ಪಕ್ಕದಲ್ಲಿ ಒಬ್ಬರು ಕೂತು ಕಾಯಿ ಇಡಲಿ. ಆ ಕೆಲಸಕ್ಕೆ ತಾನೇ ಕೂರುತ್ತೇನೆ ಎಂದು ತಮ್ಮ ಮುಂದೆ ಬಂದ. ಅವಳು ಬೇಡ ಅನ್ನಲಿಲ್ಲ.

ಎದುರಿಗೆ ಬಸ್ ಡ್ರೈವರ್. ಅವಳ ದನಿ ಕುಗ್ಗಿತ್ತು, ಆದರೆ ನಡೆಗಳು ಹಳೆಯ ಹಾಗೆಯೇ ಒಂದರ ಬೆನ್ನಿಗೆ ಒಂದು ಬಂದವು. ತಮ್ಮ ಇಡುತ್ತ ಹೋದ, ಗುಂಡಿ ಒತ್ತುತ್ತ ಹೋದ. ಸುತ್ತಲಿನವರ ಮುಖದಲ್ಲಿ ಸ್ವಲ್ಪ ಗೆಲುವು ಮೂಡಿತು. ಆಗ ಅವಳು ಅಂದಳು:

"ಕುದುರೆ ತಗೊಂಡು ರಾಜನ ಮುಂದಿನ ಕಾಲಾಳು ಹೊಡಿ."

ಕುದುರೆ ಬಿಟ್ಟಿಯಾಗಿ ಹೋಗುತ್ತದೆ ಎಂದು ತಮ್ಮನಿಗೆ ಅನ್ನಿಸಿತು. ಕುದುರೆಯ ಮೇಲೆ ಅವನ ಬೆರಳು ನಿಂತವು.

"ಹೊಡಿಯೋ."

"ಅಕ್ಕ, ಅಲ್ಲಿ—"

"ಹೊಡಿ."

ಹೊಡೆದ. ಮುಂದಿನ ನಡೆಗೂ ಅವನ ಕೈ ತಡೆಯಿತು, ಅದರ ಮುಂದಿನದಕ್ಕೂ. ಬೇಕೆಂದು ಮಾಡಿದ್ದಲ್ಲ, ಯೋಚಿಸದೆ ಎತ್ತಿಡುವುದು ಆ ಕೈಗೆ ಬರುತ್ತಿರಲಿಲ್ಲ. ಅವಳ ಸಮಯ ಮುಗಿದಾಗ ಡ್ರೈವರನ ರಾಜನಿಗೆ ಓಡಲು ಜಾಗವಿರಲಿಲ್ಲ. "ಇನ್ನೆರಡು ನಡೆ ಇದ್ದಿದ್ರೆ ನಾನು ಹೋಗ್ತಿದ್ದೆ ಚಟಪಟಕ್ಕ. ಕುದುರೆ ಕೊಟ್ಟಿದ್ದು ಸರಿಯಾಗೇ ಇತ್ತು," ಅಂದ ಅವನು. ಗೆದ್ದವನು ಕ್ಷಮೆ ಕೇಳುವ ಹಾಗಿತ್ತು.

ಅಕ್ಕ ನಕ್ಕಳು. "ನನ್ನ ಕೈಗೂ ನಿನ್ನ ಕೈಗೂ ಏನೂ ವ್ಯತ್ಯಾಸ ಇಲ್ಲ ಕಣೋ," ಎಂದಳು ತಮ್ಮನಿಗೆ. "ಎರಡೂ ನನ್ನ ಮಾತು ಕೇಳಲ್ಲ."

ಕ್ಲಬ್ಬಿಗೆ ಅವಳು ಬಂದದ್ದು ಅದೇ ಕೊನೆ. ಭಾವ ಎಷ್ಟು ಹೇಳಿದರೂ ಹೊರಡಲಿಲ್ಲ. ಸಮಯದ ಹಂಗಿಲ್ಲದೆ ಮನೆಯಲ್ಲೇ ಆಡೋಣ ಎಂದು ತಮ್ಮ ಒಮ್ಮೆ ಹಲಗೆ ತಂದ. ನಾಲ್ಕು ನಡೆ ಆಡಿ, "ಇದು ಬೇರೆ ಆಟ, ನಿನ್ನ ಆಟ," ಎಂದು ಎದ್ದಳು.

ಈಗ ಅವನು ಭಾನುವಾರ ಬೆಳಗ್ಗೆ ಅವಳ ಮನೆಗೆ ಹೋಗುತ್ತಾನೆ, ವಾರದ ಮಾತ್ರೆಗಳನ್ನು ಒಯ್ಯುತ್ತಾನೆ. ಭಾವ ಅವಳ ತಲೆ ಬಾಚುತ್ತಿರುತ್ತಾನೆ. ವೈರು ತಿರುಚಿ ಅಭ್ಯಾಸವಾದ ಕೈಯಿಂದ ಜಡೆ ಬಿಗಿಯಾಗಿಯೇ ಬರುತ್ತದೆ. ಅಕ್ಕ ಅಂಗಡಿಯ ಬಗ್ಗೆ ಕೇಳುತ್ತಾಳೆ, ಅವನ ಮಕ್ಕಳ ಬಗ್ಗೆ ಕೇಳುತ್ತಾಳೆ. ಅಂದು ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಹೇಳಲು ಅವನು ಉತ್ತರ ಹೊಂದಿಸಿಕೊಂಡು ಬಂದಿರುತ್ತಾನೆ, ಪ್ರತಿ ವಾರವೂ ಸ್ವಲ್ಪ ಬೇರೆಯದು. ಮಧ್ಯಾಹ್ನವಾಗುತ್ತದೆ.

"ಹೊರಡು, ಆಟಕ್ಕೆ ಹೊತ್ತಾಯ್ತು," ಎನ್ನುತ್ತಾಳೆ ಅವಳು, ಗೋಡೆಯ ಕಡೆ ತಿರುಗಿ ಮಲಗುತ್ತ.